ಗೋವಾ ತಪ್ಪಿತು, ಬೇಲೂರು ಸಿಕ್ಕಿತು!



ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ನಾಲ್ಕಕ್ಕೊಂದು ಗೋವಾದ್ದೇ! ‘ಸಾರ್, ನಾವು ನಾಲ್ಕು ಜನ ಫ್ರೆಂಡ್ಸು. ತಲೆಗೆ ಸಾವಿರ ರೂಪಾಯಿ ಹಾಕ್ತೀವಿ. ಗೋವಾಕ್ಕೆ ಹೋಗಿ ಬರೋಕಾಗುತ್ತಾ?’ ಬರೆಯುವವರು ಯಾರು ಅಂತೀರಿ? ತಿಪಟೂರು, ಬಾಣಾವರ, ಕಡೂರು, ಅರಸೀಕೆರೆ... ಎಲ್ಲಾ ರೈಲು ಹಳಿಯ ಪಕ್ಕದ ಹುಡುಗರು. ರಾತ್ರಿ ಮಲಗಿದ್ದಾಗ ತಲೆಯ ಹತ್ತಿರವೇ ಗಾಡಿ ಕೂಗುತ್ತಾ ಹೋದರೆ ಯಾವ ಹುಡುಗನ ಮನಸ್ಸು ಹಾಸಿಗೆಯ ಮೇಲೆ ನಿಲ್ಲುತ್ತೆ?

ಉತ್ತರ ಹೇಳಿಬಿಡ್ತೀನಿ. ಸಾವಿರಕ್ಕೆ ಗೋವಾಕ್ಕೆ ಹೋಗಬಹುದು ಗುರುವೇ, ಬರೋದು ಹೇಗೆ ಅಂತ ಅಲ್ಲಿ ಕೂತು ಯೋಚನೆ ಮಾಡಬೇಕು! ರೈಲಿನ ಛಾರ್ಜು ದೊಡ್ಡದಲ್ಲ. ಗಾಡಿ ಇಳಿದ ಮೇಲೆ ಶುರುವಾಗುತ್ತೆ ಕಥೆ. ಸಮುದ್ರ ಪುಕ್ಕಟೆ, ಸಮುದ್ರದ ಪಕ್ಕದ ಮಂಚ, ತಟ್ಟೆ, ಲೋಟ ಯಾವುದೂ ಪುಕ್ಕಟೆ ಅಲ್ಲ. ಅದೂ ಡಿಸೆಂಬರಿನಲ್ಲಿ ಹೋದಿರೋ, ಮುಗೀತು.

ಇದನ್ನು ಅನುಭವದಿಂದ ಹೇಳ್ತಿದ್ದೀನಿ. ನಾನೂ ಒಂದು ಕಾಲದಲ್ಲಿ ಗೋವಾಕ್ಕೆ ಹೊರಟವನೇ. ಅರಸೀಕೆರೆ ಪ್ಲಾಟ್‌ಫಾರಂವರೆಗೂ ಹೋಗಿದ್ದೆ!

* * *

1983ರ ಬೇಸಿಗೆ. ನಾವು ನಾಲ್ಕು ಜನ. ನಾನು, ಒಬ್ಬ ಐಟಿಐ ಓದುತ್ತಿದ್ದವನು, ಅವನನ್ನು ‘ಐಟಿಐ’ ಅಂತಲೇ ಕರೀತಿದ್ವಿ, ಒಬ್ಬ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು, ಅವನು ‘ಮಂಡಿ’, ನಾಲ್ಕನೆಯವನು ನಮ್ಮ ‘ಪೇಂಟ್ರು’. ಅರಸೀಕೆರೆಯ ಒಂದು ಟಾಕೀಸಿಗೆ ಬಟ್ಟೆ ಬ್ಯಾನರ್ ಬರೆಯುತ್ತಿದ್ದ. ಶುಕ್ರವಾರ ಹೊಸ ಪಿಕ್ಚರ್ ಬೀಳಬೇಕು ಅಂದರೆ ಗುರುವಾರ ರಾತ್ರಿಯೆಲ್ಲಾ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಅವನ ಕುಂಚ ಓಡುತ್ತಿತ್ತು. ಅಂಗೈ ಅಗಲದ ಫೋಟೋ ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ಚೌಕ ಚೌಕ ಗೆರೆ ಎಳೆದು, ಅದೇ ಚೌಕಗಳನ್ನು ಹತ್ತಡಿ ಬಟ್ಟೆಯ ಮೇಲೆ ದೊಡ್ಡದು ಮಾಡಿ, ಬೆಳಗಾಗುವ ಹೊತ್ತಿಗೆ ‘ಸಾಹಸ ಸಿಂಹ’ದ ವಿಷ್ಣುವರ್ಧನ್ ಕಣ್ಣು ಬಿಟ್ಟು ನೋಡುವ ಹಾಗೆ ನಿಲ್ಲಿಸಿಬಿಡುತ್ತಿದ್ದ! ಊರಿನ ಜನ ಹಾರ ಹಾಕುತ್ತಿದ್ದದ್ದು ಹೀರೋಗೆ, ಕುಣಿಯುತ್ತಿದ್ದದ್ದು ಹೀರೋ ಮುಂದೆ. ಬರೆದವನು ಗಾಂಧಿ ಕ್ಲಾಸಿನ ಬೆಂಚಿನ ಮೇಲೆ ನಿದ್ದೆ ಹೊಡೀತಿದ್ದ.

ಗೋವಾ ಹುಚ್ಚು ಹತ್ತಿಸಿದವನೂ ಅವನೇ. ಡಾ. ರಾಜ್ ಅವರ ‘ಗೋವಾದಲ್ಲಿ ಸಿ.ಐ.ಡಿ. 999’ 1968ರ ಚಿತ್ರ. ಹಳೇ ಪ್ರಿಂಟು ನಮ್ಮೂರಿಗೆ ಮತ್ತೆ ಬಂದಿತ್ತು. ಬ್ಯಾನರ್ ಬರೆದು ಬಂದವನು, ‘ಲೇ, ನಾನು ಗೋವಾನ ಬರ್ದಿದೀನಿ ಕಣ್ಲಾ, ನೋಡಿಲ್ಲ. ನೋಡಬೇಕು’ ಅಂದ. ಸರಿ, ತಲೆಗೆ ಮೂವತ್ತೈದು ರೂಪಾಯಿ ಹಾಕಿದ್ವಿ. ನೂರಾ ನಲವತ್ತು! ಆ ಕಾಲಕ್ಕೆ ಅದು ದೊಡ್ಡ ಗಂಟೇ.

ಮೊದಲ ಖರ್ಚು ಏನು ಗೊತ್ತೇ? ಸ್ಟುಡಿಯೋದವರ ಹತ್ತಿರ ಬಾಡಿಗೆಗೆ ಆಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾ, ಒಳಗೆ ಹನ್ನೆರಡು ಫೋಟೋದ ಒಂದು ರೋಲು. ಎರಡೂ ಸೇರಿ ಇಪ್ಪತ್ತೆರಡು ರೂಪಾಯಿ ಅಲ್ಲಿಗೇ ಕೊಯ್ಲಾಯಿತು. ಆಮೇಲೆ ನಾಲ್ಕು ಜನಕ್ಕೂ ಒಂದೊಂದು ಕೂಲಿಂಗ್ ಗ್ಲಾಸು. ಸಮುದ್ರದ ದಡದಲ್ಲಿ ಕೂಲಿಂಗ್ ಗ್ಲಾಸ್ ಇಲ್ಲದೆ ನಿಲ್ಲೋದುಂಟೇ?

ರಾತ್ರಿ ಸ್ಟೇಷನ್ನಿಗೆ ಹೋದ್ವಿ. ಟಿಕೆಟ್ ಕೌಂಟರಿನ ಮುಂದೆ ನಿಂತು ಎಣಿಸಿದರೆ, ನಾಲ್ಕು ಜನ ಹೋಗೋಕೆ ಸಾಲುತ್ತೆ, ಬರೋಕೆ ಇಲ್ಲ! ‘ಹೋಗಾನ ನಡೀರ್ಲಾ, ಅಲ್ಲೇ ಏನಾದ್ರೂ ಕೆಲ್ಸ ಮಾಡಿ ದುಡ್ಡು ಸಂಪಾದಿಸಿ ಬರಾನ’ ಅಂದ ಪೇಂಟ್ರು. ಸಿನಿಮಾದಲ್ಲಾದರೆ ಹೀಗೇ ಆಗುತ್ತೆ. ಮಂಡಿ ಒಪ್ಪಲಿಲ್ಲ. ಲೆಕ್ಕ ಬರೆಯುವವನಲ್ಲವೇ? ‘ಸೋಮವಾರ ನಾನು ಗದ್ದಿಗೆ ಮೇಲೆ ಕೂತಿರಬೇಕು. ಇಲ್ಲಾಂದ್ರೆ ಸೌಕಾರ್ರು ಬೇರೆಯವರನ್ನ ಕೂರಿಸ್ತಾರೆ’ ಅಂದ.

ಗಾಡಿ ಬಂತು. ನಿಂತಿತು. ಕೂಗಿತು. ಹೋಯಿತು. ಕೊನೆಯ ಡಬ್ಬಿಯ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವವರೆಗೂ ನಾಲ್ಕು ಜನ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನೋಡ್ತಾ ನಿಂತಿದ್ವಿ!

ಮನೆಗೆ ವಾಪಸ್ಸು ಹೋಗೋಕೆ ಮರ್ಯಾದೆ ಬಿಡಲಿಲ್ಲ. ಬೀದಿಗೆಲ್ಲಾ ಗೋವಾ ಅಂತ ಡಂಗುರ ಹೊಡೆದಾಗಿತ್ತು. ಪ್ಲಾಟ್‌ಫಾರಂ ಬೆಂಚಿನ ಮೇಲೇ ಮಲಗಿ, ಬೆಳಿಗ್ಗೆ ಎದ್ದು, ಎದುರಿಗೆ ಕಂಡ ಮೊದಲ ಬಸ್ ಹತ್ತಿದ್ವಿ. ಬೋರ್ಡು: ಹಳೇಬೀಡು.

* * *

ಈಗ ಹೇಳ್ತೀನಿ ನಾವು ಮಾಡಿದ ದಡ್ಡತನ. ನೀವು ಮಾಡಬೇಡಿ ಅಂತ.

ಹಳೇಬೀಡನ್ನು ಇಪ್ಪತ್ತು ನಿಮಿಷದಲ್ಲಿ ‘ಮುಗಿಸಿ’ದ್ವಿ. ಬೇಲೂರನ್ನು ಅರ್ಧ ಗಂಟೆಯಲ್ಲಿ. ಹನ್ನೆರಡು ಫೋಟೋ ಹೊಡೆದ್ವಿ. ಒಂದರಲ್ಲಿ ಐಟಿಐ ಅಂಬರೀಷ್ ಸ್ಟೈಲಿನಲ್ಲಿ ಸಿಗರೇಟು ತುಟಿಗಿಟ್ಟು ಕಂಬಕ್ಕೆ ಒರಗಿದ್ದಾನೆ. ಇನ್ನೊಂದರಲ್ಲಿ ನಾನು ಶಂಕರ್‌ನಾಗ್ ಹಾಗೆ ಕಾಲು ಎತ್ತಿ ಕರಾಟೆ. ಇವತ್ತಿಗೂ ಆ ಫೋಟೋಗಳು ನನ್ನ ಹತ್ತಿರ ಇವೆ. ಹನ್ನೆರಡರಲ್ಲಿ ಒಂದರಲ್ಲೂ ಒಂದು ಶಿಲ್ಪ ಪೂರ್ತಿ ಕಾಣಲ್ಲ, ಎಲ್ಲಾ ನಮ್ಮ ಮುಸುಡಿಗಳೇ!

ಬೇಲೂರಿನ ಗುಡಿ ಬಾಗಿಲಲ್ಲಿ ಒಬ್ಬರು ವಯಸ್ಸಾದ ಗೈಡ್ ಹತ್ತಿರ ಬಂದು, ‘ಹತ್ತು ರೂಪಾಯಿ ಕೊಡ್ರಪ್ಪ, ಎಲ್ಲಾ ಬಿಡಿಸಿ ಹೇಳ್ತೀನಿ’ ಅಂದರು. ನಾವು ನಕ್ಕುಬಿಟ್ವಿ. ಕಣ್ಣಿದೆ, ನೋಡ್ತೀವಿ, ಹೇಳೋಕೇನಿದೆ ಅಂತ. ಪೇಂಟ್ರು ಮಾತ್ರ ನಮ್ಮ ಜೊತೆ ಫೋಟೋಕ್ಕೆ ನಿಲ್ಲಲಿಲ್ಲ. ಕತ್ತು ಮೇಲಕ್ಕೆತ್ತಿ ಗುಡಿ ಸುತ್ತ ಒಬ್ಬನೇ ನಡೀತಿದ್ದ. ಒಂದು ಕಡೆ ನಿಂತು ಕೂಗಿದ. ‘ಲೇ ಬರ್ರೋ ಇಲ್ಲಿ... ಈ ಗೊಂಬೆ ಕಾಲ ಕೆಳಗೆ ಏನೋ ಬರ್ದವ್ರೆ. ಅಕ್ಷರ ಐತೆ. ಏನ್ಲಾ ಅದು?’

ನಮಗ್ಯಾರಿಗೂ ಓದೋಕೆ ಬರಲಿಲ್ಲ. ಹಳೇ ಕಾಲದ ಕನ್ನಡದ ಲಿಪಿ. ಗೈಡನ್ನು ಕೇಳಿದರೆ ಹತ್ತು ರೂಪಾಯಿ ಕೊಡಬೇಕು. ‘ಬಸ್ ಹೋಗುತ್ತೆ ಬಾರ್ಲಾ’ ಅಂತ ರಟ್ಟೆ ಹಿಡಿದು ಎಳೆದುಕೊಂಡು ಬಂದ್ವಿ.

ಉಳಿದ ದುಡ್ಡಿಗೆ ಏನು ಮಾಡಿದ್ವಿ ಗೊತ್ತೇ? ಹಾಸನದಲ್ಲಿ ಬಾಲ್ಕನಿ ಟಿಕೆಟ್ ತಗೊಂಡು ಸಿನಿಮಾ ನೋಡಿದ್ವಿ. ನಮ್ಮೂರಲ್ಲಿ ಆಗಲೇ ಎರಡು ಸಲ ನೋಡಿದ್ದ ಪಿಕ್ಚರು!

* * *

ನಲವತ್ತು ವರ್ಷ ಕಳೆದವು. ಐಟಿಐ ಫ್ಯಾಕ್ಟರಿ ಸೇರಿ, ರಿಟೈರ್ ಆಗಿ, ಮಗಳ ಮನೆಯಲ್ಲಿದ್ದಾನೆ. ಮಂಡಿ ಅದೇ ಅರಸೀಕೆರೆಯಲ್ಲಿ, ಈಗ ತಾನೇ ಸೌಕಾರ. ಪೇಂಟ್ರ ಕುಂಚ ಮಾತ್ರ ಒಂದೊಂದೇ ಮೆಟ್ಟಿಲು ಇಳೀತಾ ಬಂತು. ಫ್ಲೆಕ್ಸ್ ಬಂತು, ಬಟ್ಟೆ ಬ್ಯಾನರ್ ಹೋಯಿತು. ಲಾರಿ ಹಿಂದೆ, ಆಟೋ ಹಿಂದೆ ಅಣ್ಣಾವ್ರ ಚಿತ್ರ ಬರೆದ. ಆಮೇಲೆ ಸ್ಟಿಕ್ಕರ್ ಬಂತು. ನಂಬರ್ ಪ್ಲೇಟ್ ಬರೆಯುತ್ತಿದ್ದ. ಹೈ ಸೆಕ್ಯುರಿಟಿ ಪ್ಲೇಟ್ ಬಂದು ಅದೂ ಹೋಯಿತು! ಈಗ ಶಾಲೆ ಗೋಡೆಗೆ ಗಾಂಧಿ, ಕುವೆಂಪು, ಒಂದು ಆನೆ, ಒಂದು ನವಿಲು ಬರೆದುಕೊಂಡಿದ್ದಾನೆ.

ಮೊನ್ನೆ ಅರಸೀಕೆರೆಗೆ ಹೋದಾಗ ನಾನೇ ಕೇಳಿದೆ. ‘ಗೋವಾಕ್ಕೆ ಹೋಗಾನ ಏನ್ಲಾ? ಈಗ ದುಡ್ಡೈತೆ.’ ಅವನು ಸ್ವಲ್ಪ ಹೊತ್ತು ಬೀಡಿ ಎಳೆದು, ‘ಗೋವಾ ಬ್ಯಾಡ. ಬೇಲೂರಲ್ಲಿ ಒಂದು ಬಾಕಿ ಐತೆ’ ಅಂದ. ನನಗೆ ಥಟ್ಟನೆ ಹೊಳೆಯಲಿಲ್ಲ. ಅವನು ಮರೆತಿರಲಿಲ್ಲ!

ಇನ್ನು ದಾರಿ, ಖರ್ಚು, ಲೆಕ್ಕ. ಬರೆದುಕೊಳ್ಳಿ.

ಹಿಂದಿನ ರಾತ್ರಿಯೇ ರೈಲಿನಲ್ಲಿ ಬಂದು ಅರಸೀಕೆರೆ ಇಳಿದುಬಿಡಿ. ಬೆಂಗಳೂರು, ಹುಬ್ಬಳ್ಳಿ, ಮೈಸೂರು ಮೂರೂ ಕಡೆಯಿಂದ ಹಳಿ ಇಲ್ಲಿ ಕೂಡುತ್ತೆ. ಅರಸೀಕೆರೆ ಅಂದರೆ ಎಲ್ಲರಿಗೂ ಗಾಡಿ ಬದಲಿಸುವ ಜಂಕ್ಷನ್, ಒಂದು ವಡೆ, ಒಂದು ಕಾಫಿ. ಊರೊಳಗೆ ಹೊಯ್ಸಳರ ಒಂದು ಶಿವಾಲಯ ಇದೆ ಅಂತ ಎಷ್ಟು ಜನಕ್ಕೆ ಗೊತ್ತು? 1220ರ ಸುಮಾರಿಗೆ ಕಟ್ಟಿದ ಈಶ್ವರ ದೇವಸ್ಥಾನ. ಮುಂದಿನ ಮಂಟಪ ನಕ್ಷತ್ರದ ಆಕಾರದಲ್ಲಿದೆ. ಇಂಥ ಮಂಟಪ ಬೇಲೂರಲ್ಲೂ ಇಲ್ಲ, ಹಳೇಬೀಡಲ್ಲೂ ಇಲ್ಲ! ಟಿಕೆಟ್ ಇಲ್ಲ, ನೂಕುನುಗ್ಗಲಿಲ್ಲ. ಬೆಳಿಗ್ಗೆ ಬಸ್ಸಿಗೆ ಮುಂಚೆ ಒಂದರ್ಧ ಗಂಟೆ ಅಲ್ಲಿ ಕೂತು ಬನ್ನಿ. ಎಳನೀರು ಕುಡಿಯೋದಿದ್ದರೆ ಅರಸೀಕೆರೆಯಲ್ಲೇ ಕುಡಿದುಬಿಡಿ. ತೆಂಗಿನ ಸೀಮೆ, ಬೇಲೂರು ಗುಡಿ ಮುಂದಿನ ರೇಟು ಇಲ್ಲಿ ಯಾರೂ ಹೇಳಲ್ಲ.

ಅಲ್ಲಿಂದ ಜಾವಗಲ್ ಮೇಲೆ ಹಳೇಬೀಡಿಗೆ ಬಸ್ಸು. ನಲವತ್ತು ಕಿಲೋಮೀಟರ್ ಆಸುಪಾಸು. ಜಾವಗಲ್ ಅಂದಕೂಡಲೇ ಶ್ರೀನಾಥ್ ಬೌಲಿಂಗ್ ನೆನಪಾಗುವವರು ಬಸ್ ನಿಂತಾಗ ಇಳಿದು ನೋಡಿ, ಅಲ್ಲೂ ಹೊಯ್ಸಳರದ್ದೇ ಒಂದು ಲಕ್ಷ್ಮೀನರಸಿಂಹನ ಗುಡಿ ಇದೆ. ಬಸ್ಸಿನಲ್ಲಿ ನಿಮ್ಮ ಸುತ್ತ ಇರುವ ಅಕ್ಕ-ತಂಗಿಯರು, ಅವ್ವಂದಿರು ಯಾರೂ ದುಡ್ಡು ಕೊಡಲ್ಲ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ. ನಾವು ಗಂಡಸರು ಮಾತ್ರ ಜೇಬು ತಡಕಬೇಕು! ಇರಲಿ ಬಿಡಿ, ಅವರು ನಮ್ಮ ಅಡುಗೆ ಮಾಡಿದ ಲೆಕ್ಕ ಹಾಕಿದರೆ ಸರ್ಕಾರವೇ ದಿವಾಳಿ.

ಒಂದು ಗುಟ್ಟು: ಹಳೇ ಕಾಲುಚೀಲ ಒಂದು ಜೊತೆ ಇಟ್ಟುಕೊಳ್ಳಿ. ಎರಡೂ ಕಡೆ ಚಪ್ಪಲಿ ಹೊರಗೇ ಬಿಡಬೇಕು. ಹನ್ನೊಂದು ಗಂಟೆ ದಾಟಿದರೆ ಅಂಗಳದ ಕಲ್ಲು ಕಾದ ಹಂಚು! 1983ರಲ್ಲಿ ನಾವು ಅಷ್ಟು ಬೇಗ ಹೊರಗೆ ಓಡಿಬಂದದ್ದಕ್ಕೆ ಅಂಗಾಲೂ ಅರ್ಧ ಕಾರಣ.

ಹಳೇಬೀಡು ಆಗ ದ್ವಾರಸಮುದ್ರ, ಹೊಯ್ಸಳರ ರಾಜಧಾನಿ. ಹೊಯ್ಸಳೇಶ್ವರ ಗುಡಿ ಶುರುವಾದದ್ದು 1121ರ ಹೊತ್ತಿಗೆ ಅಂತ ಹೇಳ್ತಾರೆ. ಅವಳಿ ಗುಡಿ, ಒಂದು ರಾಜನ ಹೆಸರಿನದು, ಇನ್ನೊಂದು ರಾಣಿ ಶಾಂತಲೆಯ ಹೆಸರಿನದು. ಮುಂದೆ 1311ರಲ್ಲಿ ಮಲಿಕ್ ಕಾಫರನ ದಂಡು ಬಂದು ಊರು ಸೂರೆಯಾಯಿತು. ಹೊರಗೋಡೆಯನ್ನು ಸಿನಿಮಾ ರೀಲು ನೋಡೋ ಹಾಗೆ ನೋಡಿ. ಕೆಳಗಿನ ಸಾಲು ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಇನ್ನೂ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆ, ಫ್ರೇಮ್ ಪಕ್ಕದಲ್ಲಿ ಫ್ರೇಮ್. ಪೇಂಟ್ರು ಆನೆ ಸಾಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, ‘ಒಂದರ ಹಂಗೆ ಇನ್ನೊಂದಿಲ್ಲ ನೋಡ್ಲಾ. ಬೇಜಾರಾಗಿಲ್ಲ ಅವ್ರಿಗೆ’ ಅಂದ. ಅಲ್ಲೇ ಮ್ಯೂಸಿಯಂ ಇದೆ. ಬಸ್ತಿಹಳ್ಳಿಯ ಜೈನ ಬಸದಿಗೆ ನಡೆದೇ ಹೋಗಬಹುದು. ಅಲ್ಲಿ ಕಂಬಗಳಲ್ಲಿ ಮುಖ ಕಾಣುತ್ತೆ, ತಲೆ ಬಾಚಿಕೊಳ್ಳಬಹುದು!

ಹಳೇಬೀಡಿಂದ ಬೇಲೂರು ಹದಿನಾರು ಕಿಲೋಮೀಟರ್. ಊಟ ಬೇಲೂರಿನಲ್ಲಿಟ್ಟುಕೊಳ್ಳಿ, ಆದರೆ ಗುಡಿ ಬೀದಿಯಲ್ಲಿ ಬೇಡ. ಬೆನ್ನು ತಿರುಗಿಸಿ ಬಸ್ ಸ್ಟ್ಯಾಂಡ್ ಕಡೆಗೆ ಬನ್ನಿ. ಡ್ರೈವರು-ಕಂಡಕ್ಟರುಗಳು ಎಲ್ಲಿ ಉಣ್ಣುತ್ತಾರೋ ಅಲ್ಲಿ ಕೂರಿ. ಮುದ್ದೆ, ಸಾರು, ಅನ್ನ, ಮಜ್ಜಿಗೆ. ಇಂಗ್ಲಿಷಿನಲ್ಲಿ ಮೆನು ಬರೆದಿರುವ ಕಡೆ ಅದೇ ಅನ್ನಕ್ಕೆ ಬೇರೆ ರೇಟು. ನಾನಂತೂ ಎಲ್ಲೇ ಹೋಗಲಿ ಇದೇ ಸೂತ್ರ: ಖಾಕಿ ಅಂಗಿ ಕಂಡಲ್ಲಿ ಎಲೆ ಹಾಕಿಸು!

ರಾತ್ರಿ ತಂಗೋ ಯೋಚನೆ ಇಟ್ಟುಕೊಳ್ಳಬೇಡಿ. ಸಂಜೆ ಬೇಲೂರಿಂದ ಹಾಸನಕ್ಕೆ ಬಸ್ಸು, ಹಾಸನದಿಂದ ಅರಸೀಕೆರೆಗೆ ಸಿಕ್ಕರೆ ಪ್ಯಾಸೆಂಜರ್ ಗಾಡಿ, ಇಲ್ಲದಿದ್ದರೆ ಬಸ್ಸು. ಮೊನ್ನೆ ನಮ್ಮಿಬ್ಬರದ್ದು ಬಸ್ಸು, ರೈಲು, ಊಟ, ಕಾಫಿ, ಬೀಡಿ ಎಲ್ಲಾ ಸೇರಿ ಸಾವಿರ ಮುಟ್ಟಲಿಲ್ಲ. ಅದರಲ್ಲಿ ಅರ್ಧದ ಹತ್ತಿರ ಹೋಗಿದ್ದು ಒಂದೇ ಖಾತೆಗೆ. ಗೈಡಿಗೆ!

ಹೌದು ಸ್ವಾಮಿ. ಜುಗ್ಗತನದ ಅಂಕಣ ಬರೆಯುವವನು ನಾನು. ಅರ್ಧ ದುಡ್ಡು ಗೈಡಿಗೆ ಕೊಟ್ಟೆ. ಚೌಕಾಸಿ ಕೂಡ ಮಾಡಲಿಲ್ಲ. ಐದು ಜನ ಹೋದರೆ ಹಂಚಿಕೊಳ್ಳಿ, ತಲೆಗೆ ಒಂದು ಸಿನಿಮಾ ಟಿಕೆಟ್ಟಿನಷ್ಟೂ ಬೀಳಲ್ಲ.

* * *

ಬೇಲೂರಿನ ಗೈಡ್ ಈ ಸಲ ನಮಗಿಂತ ಚಿಕ್ಕವರು. ನಮ್ಮಿಬ್ಬರ ಮುಖ ನೋಡಿ, ‘ಬನ್ನಿ ಯಜಮಾನ್ರೇ’ ಅಂತ ಶುರು ಮಾಡಿದರು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ ಅಂದಕೂಡಲೇ ಪೇಂಟ್ರ ಕಿವಿ ನೆಟ್ಟಗಾಯಿತು.

ಇಲ್ಲಿ ಅಭಿಮಾನಿಗಳಿಗೆ ಒಂದು ಮಾತು. ಆ ರಾಜನ ಮೊದಲ ಹೆಸರು ಬಿಟ್ಟಿದೇವ. ರಾಮಾನುಜಾಚಾರ್ಯರ ಪ್ರಭಾವಕ್ಕೆ ಬಂದು ವಿಷ್ಣುವರ್ಧನನಾದ ಅಂತ ಪ್ರತೀತಿ. ನಮ್ಮ ಸಾಹಸ ಸಿಂಹನ ಮೊದಲ ಹೆಸರು ಸಂಪತ್‌ಕುಮಾರ್. 1972ರಲ್ಲಿ ‘ನಾಗರಹಾವು’ ಮಾಡುವಾಗ ಪುಟ್ಟಣ್ಣ ಕಣಗಾಲ್ ವಿಷ್ಣುವರ್ಧನ್ ಅಂತ ಇಟ್ಟರು. ಇಬ್ಬರೂ ಹೆಸರು ಬದಲಾಯಿಸಿಕೊಂಡ ಮೇಲೇ ನಿಂತವರು! ಇನ್ನೂ ಕೇಳಿ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ಯುನೆಸ್ಕೋದವರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು 2023ರ ಸೆಪ್ಟೆಂಬರ್ 18ರಂದು. ಸೆಪ್ಟೆಂಬರ್ 18 ಯಾರ ಹುಟ್ಟುಹಬ್ಬ? ನಿಮಗೆ ನಾನು ಹೇಳಬೇಕೇ? (ಉಪೇಂದ್ರ ಅಭಿಮಾನಿಗಳು ಕಾಗದ ಬರೆಯಬೇಡಿ. ಅವರದ್ದೂ ಅಂದೇ ಅಂತ ಗೊತ್ತು.)

ಗೈಡ್ ಮದನಿಕೆಯರನ್ನು ತೋರಿಸಿದರು. ಸೂರಿನ ಕೆಳಗೆ, ಕಂಬದ ತಲೆಯ ಹತ್ತಿರ ಓರೆಯಾಗಿ ನಿಲ್ಲಿಸಿದ ಗೊಂಬೆಗಳು. ಹೊರಗೆ ಮೂವತ್ತೆಂಟು, ಒಳಗೆ ನಾಲ್ಕು. ಕನ್ನಡಿ ನೋಡಿಕೊಳ್ಳುವ ದರ್ಪಣ ಸುಂದರಿ ಎಲ್ಲರಿಗೂ ಗೊತ್ತು, ಕ್ಯಾಲೆಂಡರಿನಲ್ಲೇ ಇದ್ದಾಳೆ. ಪೇಂಟ್ರು ಆಕೆಯನ್ನು ಒಂದು ನಿಮಿಷವೂ ನೋಡಲಿಲ್ಲ. ‘ಸ್ವಾಮಿ, ಕಾಲ ಕೆಳಗೆ ಅಕ್ಷರ ಐತಲ್ಲ, ಅದನ್ನ ಓದಿ’ ಅಂದ.

ಗೈಡ್ ನಕ್ಕರು. ‘ಇದನ್ನ ಕೇಳೋರೇ ಇಲ್ಲ ಯಜಮಾನ್ರೇ. ಎಲ್ಲಾ ಬಳೆ ತಿರುಗುತ್ತಾ, ಕಂಬ ತಿರುಗುತ್ತಾ ಅಂತಾರೆ’ ಅಂದು, ಕೈಯಲ್ಲಿದ್ದ ಚಿಕ್ಕ ಕನ್ನಡಿಯಿಂದ ಬಿಸಿಲನ್ನು ಮೇಲಕ್ಕೆ ಹಾಯಿಸಿದರು. ಬೆಳಕು ಹೋಗಿ ಗೊಂಬೆಯ ಪಾದದ ಕೆಳಗಿನ ಪಟ್ಟಿಯ ಮೇಲೆ ಕೂತಿತು.

‘ಮಾಡಿದವನ ಹೆಸರು.’

‘ಯಾರ್ದು?’

‘ಬಳ್ಳಿಗಾವಿಯ ದಾಸೋಜ. ಅಲ್ಲಿ ಆ ಕಡೆಗೆ ಇರೋದು ಅವನ ಮಗ ಚಾವಣ. ಗದುಗಿನಿಂದ ಬಂದ ನಾಗೋಜ ಅನ್ನೋನೂ ಇದ್ದಾನೆ. ಇನ್ನೂ ಇದ್ದಾರೆ.’

ನೀವೇ ಯೋಚನೆ ಮಾಡಿ. ಬಳ್ಳಿಗಾವಿ ಇರೋದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಹತ್ತಿರ. ಗದಗ ಇನ್ನೂ ಎಲ್ಲೋ. ರೈಲಿಲ್ಲ, ಬಸ್ಸಿಲ್ಲ. ಉಳಿ-ಸುತ್ತಿಗೆ ಚೀಲ ಹೆಗಲಿಗೆ ಹಾಕಿಕೊಂಡು ಅಪ್ಪ-ಮಗ ಕೆಲಸ ಹುಡುಕಿಕೊಂಡು ಇಲ್ಲಿಯವರೆಗೂ ಬಂದಿದ್ದಾರೆ. ಬಂದವರು ಕೆಲಸ ಮುಗಿಸಿ ಸುಮ್ಮನೆ ಹೋಗಿಲ್ಲ. ಟೈಟಲ್ ಕಾರ್ಡ್ ಹಾಕಿ ಹೋಗಿದ್ದಾರೆ! ಬರೀ ಹೆಸರಲ್ಲ, ಬಿರುದು ಬೇರೆ. ಎದುರಾಳಿ ಶಿಲ್ಪಿಗಳು ಮನ್ಮಥರಾದರೆ ಅವರನ್ನು ಸುಡುವ ಶಿವ ಈತ ಅನ್ನೋ ಧಾಟಿಯಲ್ಲಿ! ರೆಬೆಲ್ ಸ್ಟಾರ್, ಕರಾಟೆ ಕಿಂಗ್, ಸಾಹಸ ಸಿಂಹ... ಇದೆಲ್ಲಾ ಗಾಂಧಿನಗರದವರು ಹುಟ್ಟುಹಾಕಿದ್ದು ಅಂತ ನಾವು ತಿಳಿದಿದ್ವಿ.

‘ಜಕಣಾಚಾರಿ ಹೆಸರು ಎಲ್ಲೈತೆ?’ ನಾನು ಕೇಳಿದೆ. ನಾನು ಬಿಡ್ತೀನಾ? ‘ಅಮರಶಿಲ್ಪಿ ಜಕಣಾಚಾರಿ’ 1964ರಲ್ಲಿ ಬಿ.ಎಸ್. ರಂಗಾ ತೆಗೆದ ಚಿತ್ರ, ಕನ್ನಡದ ಮೊದಲ ಪೂರ್ಣ ಪ್ರಮಾಣದ ಬಣ್ಣದ ಚಿತ್ರ. ಕಲ್ಯಾಣ್‌ಕುಮಾರ್ ಜಕಣಾಚಾರಿ, ಜೊತೆಗೆ ಸರೋಜಾದೇವಿ. ನಮ್ಮ ತಲೆಮಾರಿಗೆ ಬೇಲೂರು ಅಂದರೆ ಆ ಸಿನಿಮಾನೇ.

‘ಇಲ್ಲಿ ಬರೆದ ಹೆಸರುಗಳಲ್ಲಿ ಆ ಹೆಸರಿಲ್ಲ ಸಾರ್. ಅದು ಜನರ ಬಾಯಲ್ಲಿ ಬಂದ ಕಥೆ. ಕಪ್ಪೆ ಚೆನ್ನಿಗರಾಯನ ಗುಡಿ ತೋರಿಸ್ತೀನಿ ಬನ್ನಿ, ಕಥೆನೂ ಹೇಳ್ತೀನಿ’ ಅಂದರು.

ಹೇಳಿದರು. ಚೆನ್ನಾಗಿಯೇ ಹೇಳಿದರು. ಕಥೆ ಸುಳ್ಳೋ ನಿಜವೋ, ಅಪ್ಪನ ಕಲ್ಲಿನಲ್ಲಿ ಮಗ ತಪ್ಪು ಹಿಡಿಯುವ ಸೀನು ಇವತ್ತಿಗೂ ಮೈ ಜುಮ್ ಅನ್ನಿಸುತ್ತೆ. ಆದರೆ ಪೇಂಟ್ರು ನಮ್ಮ ಜೊತೆ ಬರಲಿಲ್ಲ. ಹಿಂದಿರುಗಿ ನೋಡಿದರೆ ದಾಸೋಜನ ಕೆಳಗೇ ನಿಂತಿದ್ದಾನೆ. ಬಿಸಿಲು ಬೇರೆ. ನಾನು ಕೊಟ್ಟ ಕಾಲುಚೀಲದಲ್ಲಿ ಒಂದಕ್ಕೆ ಹೆಬ್ಬೆಟ್ಟಿನ ಹತ್ತಿರ ತೂತು.

ಹತ್ತಿರ ಹೋದೆ. ಗೈಡೂ ಬಂದರು. ಪೇಂಟ್ರು ಮೇಲಿಂದ ಕಣ್ಣು ತೆಗೀದೆ ಕೇಳಿದ. ‘ಸ್ವಾಮಿ, ಇವ್ರಿಗೆ ಕೂಲಿ ಎಷ್ಟು ಕೊಟ್ರು ಅಂತ ಬರ್ದವ್ರಾ?’

‘ಅದು ಬರ್ದಿಲ್ಲ ಯಜಮಾನ್ರೇ.’

‘ಹೂಂ. ಅದನ್ನ ಬರೀಯಲ್ಲ.’

* * *

ಹಾಸನಕ್ಕೆ ಬರುವ ಬಸ್ಸಿನಲ್ಲಿ ಅವನು ಮಾತಾಡಲಿಲ್ಲ. ಅರಸೀಕೆರೆ ಗಾಡಿ ಹತ್ತಿ, ಕಿಟಕಿ ಪಕ್ಕ ಕೂತ ಮೇಲೆ ಬಾಯಿ ಬಿಟ್ಟ.

‘ನಾನೂ ಬರೀತಿದ್ದೆ ಕಣ್ಲಾ.’

‘ಏನನ್ನ?’

‘ಹೆಸರು. ಮುಂದೆ ಬರೆದ್ರೆ ಮ್ಯಾನೇಜರ್ರು ಬೈತಿದ್ರು. ಹೀರೋ ಮುಖದ ಹತ್ರ ನಿಂದೇನೋ ಹೆಸರು ಅಂತ. ಅದಕ್ಕೆ ಬಟ್ಟೆ ಹಿಂದ್ಗಡೆ ಬರೀತಿದ್ದೆ. ಮೂಲೇಲಿ. ಹೆಸರು, ಊರು, ತಾರೀಕು. ಒಂದೂ ಬಿಟ್ಟಿಲ್ಲ.’

ನಲವತ್ತು ವರ್ಷದ ಸ್ನೇಹ. ಹಗಲೂ ರಾತ್ರಿ ಅವನ ಜೊತೆ ಆ ಶೆಡ್ಡಿನಲ್ಲಿ ಕೂತವನು ನಾನು. ಸಿನಿಮಾ ಪತ್ರಿಕೆಯಲ್ಲಿ ಬರೆಯುವವನು. ಯಾವ ಪಿಕ್ಚರಿಗೆ ಯಾರು ಕ್ಯಾಮೆರಾ, ಯಾರು ಎಡಿಟಿಂಗು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳ್ತೀನಿ. ನಮ್ಮೂರ ಬ್ಯಾನರಿನ ಹಿಂದೆ ಏನಿದೆ ಅಂತ ಒಂದು ಸಲ ತಿರುಗಿಸಿ ನೋಡಿರಲಿಲ್ಲ.

‘ಆ ಬಟ್ಟೆಗಳು ಏನಾದ್ವು?’ ಕೇಳಿದೆ.

‘ಏನಾಗ್ತಾವೆ? ಒಂದರ ಮೇಲೆ ಬಿಳಿ ಬಳಿದು ಇನ್ನೊಂದು. ಐದಾರು ಪಿಕ್ಚರ್ ಆದ್ಮೇಲೆ ಬಟ್ಟೆ ರಟ್ಟು ಆಗ್ತಿತ್ತು. ಆಗ ಮಾರ್ತಿದ್ರು. ಮಂಡಿ ಕೊಂಡ್ಕೋತಿದ್ನಲ್ಲ, ಅವ್ರ ಸೌಕಾರ್ರಿಗೆ. ಕೊಬ್ಬರಿ ರಾಶಿ ಮೇಲೆ ಹೊದಿಸಾಕೆ. ಬಣ್ಣ ಕೂತಿರುತ್ತಲ್ಲ, ಮಳೆ ನೀರು ಇಳಿಯಲ್ಲ.’

ಅರಸೀಕೆರೆ ಬಂತು. ಪ್ಲಾಟ್‌ಫಾರಂ ಮೇಲೆ ನಿಂತೇ ಮಂಡಿಗೆ ಫೋನ್ ಹಚ್ಚಿದೆ. ಅವನು ಮೊದಲು ನಗಾಡಿದ. ‘ನಲವತ್ತು ವರ್ಷದ ಬಟ್ಟೆ ಕೇಳ್ತೀಯಲ್ಲೋ, ಇಲಿ ಬಿಟ್ಟಿರ್ತಾವಾ?’ ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದ. ‘ಇರು... ಹಳೇ ಗೋಡೌನ್ ಅಟ್ಟದ ಮೇಲೆ ತಕ್ಕಡಿ ಕಟ್ಟಿಟ್ಟ ಗಂಟು ಒಂದೈತೆ. ಯಾವುದ್ರಲ್ಲಿ ಕಟ್ಟಿದ್ದೀವೋ ನೋಡಿಲ್ಲ. ಭಾನುವಾರ ಬೀಗ ತೆಗೀತೀನಿ, ಬರ್ರಿ’ ಅಂದ.

ಪೇಂಟ್ರಿಗೆ ಹೇಳಿದೆ. ‘ಇದ್ರೂ ಇರಬಹುದು’ ಅಂದು ಬೀಡಿ ಹಚ್ಚಿದ.

ಅಷ್ಟರಲ್ಲಿ ಹುಬ್ಬಳ್ಳಿ ಕಡೆಯ ಗಾಡಿ ಬಂದು ನಿಂತಿತು. ನಾಲ್ಕೈದು ಹುಡುಗರು ಬ್ಯಾಗ್ ಹಾಕಿಕೊಂಡು ಓಡಿಬಂದು ಜನರಲ್ ಡಬ್ಬಿ ಹತ್ತಿದರು. ಎಲ್ಲರ ಮೂಗಿನ ಮೇಲೂ ಕೂಲಿಂಗ್ ಗ್ಲಾಸು, ರಾತ್ರಿ ಹೊತ್ತು! ಎಲ್ಲಿಗೆ ಅಂತ ಕೇಳಬೇಕಾಗಿರಲಿಲ್ಲ.

ಭಾನುವಾರ ಅಟ್ಟ ಹತ್ತುತ್ತೇವೆ. ಗಂಟಿನಲ್ಲಿ ಏನು ಸಿಕ್ಕಿತು ಅಂತ ಮುಂದಿನ ವಾರ ಇದೇ ಪುಟದಲ್ಲಿ.